ನಡುವಿನ ಅಂಕಣ

ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವಾಗ ಹುಡುಗನ ಮೂಗು ಮುಖ ನೋಡುವುದು ಆಮೇಲಿನ ಮಾತು. ಮೊದಲು ಕೇಳುತ್ತಿದ್ದದ್ದು ಮನೆಯನ್ನು. ‘ಎಷ್ಟಂಕಣದ ಮನಿ?’ ಎಂದು ಒಂದು ಮಾತು ಕೇಳಿದರೆ ಆಸ್ತಿ, ಅಂತಸ್ತು, ಅತ್ತೆಯ ಸ್ವಭಾವ ಎಲ್ಲವನ್ನೂ ವಿಚಾರಿಸಿದಂತೆ ಆಗುತ್ತಿತ್ತು. ಮಾಳಿಗೆ ಮನೆಗೆ ಬೀದಿಯ ಕಡೆಯಿಂದ ಹಿತ್ತಿಲ ಕಡೆಗೆ ಸಾಲಾಗಿ ತೊಲೆ ಕೂಡಿಸುತ್ತಾರಲ್ಲ, ಒಂದು ತೊಲೆಗೂ ಅದರ ಪಕ್ಕದ ತೊಲೆಗೂ ನಡುವಿನ ಜಾಗವೇ ಒಂದು ಅಂಕಣ. ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯ ಪಕ್ಕದ ಹಳ್ಳಿಯಲ್ಲಿ ನಮ್ಮದು ಐದಂಕಣದ ಮನೆ. ನಮ್ಮವ್ವನ ತವರು ಹಗರಿಬೊಮ್ಮನಹಳ್ಳಿ ಕಡೆ. ಅವಳಪ್ಪ ಸಂಬಂಧ ನೋಡಲು ಬಂದವನು ಪಡಸಾಲೆಯಲ್ಲಿ ಕೂತು, ತಲೆ ಎತ್ತಿ, ಬೆರಳು ಮಡಚಿ ತೊಲೆ ಎಣಿಸಿ, ಬೆಲ್ಲದ ನೀರು ಕುಡಿದು, ‘ಆತ್ರಿ, ನಮಗ ಒಪ್ಪಿಗಿ’ ಎಂದು ಹೇಳಿ ಹೋದನಂತೆ. ಮದುಮಗನನ್ನು ನೋಡುವುದು ಮರೆತೇ ಹೋಗಿತ್ತಂತೆ. ಇದು ನಮ್ಮ ಮನೆಯ ಜಗಳಗಳಲ್ಲಿ ತಪ್ಪದೆ ಹೊರಗೆ ಬರುತ್ತಿತ್ತು.

“ನಮ್ಮಪ್ಪ ತೊಲಿ ನೋಡಿ ಕೊಟ್ಟ. ನಿನ್ನ ಮುಖ ನೋಡಿದ್ರ ಕೊಡ್ತಿದ್ನೇನು?” ಎನ್ನುವಳು ಅವ್ವ.

“ನಮ್ಮಪ್ಪ ನಿಮ್ಮೂರಿಗೆ ಎತ್ತು ನೋಡಾಕ ಬಂದಿದ್ದ. ಎತ್ತಿನ ರೇಟು ಜಾಸ್ತಿ ಆತು, ನಿನ್ನ ತಂದ” ಎನ್ನುವನು ಅಪ್ಪ.

ಹೀಗೆ ನನಗೆ ಅಂಕಣ ಎಂಬ ಮಾತು ಹಾಲು ಕುಡಿಯುವಾಗಿನಿಂದಲೇ ಗೊತ್ತು. ಹಡಗಲಿಯಲ್ಲಿ ಹೈಸ್ಕೂಲಿನ ಕನ್ನಡ ಮೇಡಂ ಆಗಿ ನಿವೃತ್ತಳಾದ ಮೇಲೆ ಹರಪನಹಳ್ಳಿಯ ಒಂದು ವಾರಪತ್ರಿಕೆಗೆ ಬರೆಯುತ್ತಿದ್ದೇನೆ. ಅದರ ಸಂಪಾದಕ ನನ್ನ ಮಗನ ವಯಸ್ಸಿನವನು. ಮೊದಲ ಸಲ ಫೋನು ಮಾಡಿ, ‘ಮೇಡಂ, ನಿಮ್ಮ ಅಂಕಣ ಇನ್ನೂ ಬಂದಿಲ್ರಿ’ ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ಅಂಕಣ ಎಲ್ಲಿಗೆ ಬರುತ್ತದಪ್ಪಾ, ಕಂಬ ಕಿತ್ತುಕೊಂಡು ಬಸ್ಸು ಹತ್ತುತ್ತದೆಯೇ? ಅವನಿಗೆ ಪತ್ರಿಕೆಯ ಅಂಕಣ ಒಂದೇ ಗೊತ್ತು. ನನ್ನ ಶಾಲೆಯ ಆಟದ ಮೇಷ್ಟ್ರಿಗೆ ಕಬಡ್ಡಿಯ ಅಂಕಣ ಒಂದೇ ಗೊತ್ತಿತ್ತು, ಸುಣ್ಣದಲ್ಲಿ ಗೆರೆ ಎಳೆದು ‘ಅಂಕಣದೊಳಗ ಯಾರೂ ಕಾಲಿಡಬ್ಯಾಡ್ರಿ’ ಎಂದು ಕೂಗುತ್ತಿದ್ದರು. ಗುಡಿ ಕಟ್ಟುವವರಿಗೆ ನವರಂಗದ ನಾಲ್ಕು ಕಂಬದ ನಡುವಿನದು ಅಂಕಣ. ಈ ಮಾತು ಹುಟ್ಟಿದ್ದೆಲ್ಲಿ ಎಂದು ಹುಡುಕಲು ಹೋದರೆ ಅದೊಂದು ದೊಡ್ಡ ರಾದ್ಧಾಂತ. ಅಂಕ ಎಂದರೆ ಗುರುತು, ಗುರುತು ಹಾಕಿ ಬೇರೆ ಮಾಡಿದ್ದು ಅಂಕಣ ಎನ್ನುವವರಿದ್ದಾರೆ. ಅಲ್ಲ, ಅಂಗಳಕ್ಕೆ ಅಂಗಣ ಎನ್ನುತ್ತೇವಲ್ಲ, ಅದೇ ಬಾಯಿಂದ ಬಾಯಿಗೆ ಹೋಗುತ್ತಾ ಗಟ್ಟಿಯಾಯಿತು ಎನ್ನುವವರೂ ಇದ್ದಾರೆ. ತೆಲುಗಿನವರು ಅಂಕಣಂ ಎನ್ನುತ್ತಾರೆ, ಅವರ ಕಡೆ ಜಾಗದ ಅಳತೆಗೂ ಅದೇ ಹೆಸರು. ಇನ್ನು ಬರೀ ಅಂಕ ಎಂದರೆ ಕಾಳಗವೂ ಹೌದು, ಕೋಳಿ ಅಂಕ ಕೇಳಿಲ್ಲವೇ? ನಾಟಕದ ಭಾಗವೂ ಹೌದು, ಪರೀಕ್ಷೆಯಲ್ಲಿ ಮಕ್ಕಳು ಅಳುವುದೂ ಅದಕ್ಕೇ. ಸಂಸ್ಕೃತದಲ್ಲಿ ಮಡಿಲು ಎಂಬ ಅರ್ಥವೂ ಇದೆ. ಪತ್ರಿಕೆಯದು ಹೊಸದು. ಇಂಗ್ಲಿಷಿನವರು ಕಂಬಕ್ಕೂ ಪತ್ರಿಕೆಯ ಉದ್ದನೆಯ ಪಟ್ಟಿಗೂ ಒಂದೇ ಹೆಸರಿಟ್ಟರು. ಅದನ್ನು ಕನ್ನಡಕ್ಕೆ ತಂದ ಪುಣ್ಯಾತ್ಮ ಯಾರೋ, ಕಂಬವನ್ನು ಬಿಟ್ಟು ಕಂಬಗಳ ನಡುವಿನ ಜಾಗವನ್ನು ಹಿಡಿದ. ಅವನ ಹೊಟ್ಟೆ ತಣ್ಣಗಿರಲಿ. ಮನುಷ್ಯರು ಬದುಕುವುದು ಕಂಬದಲ್ಲಲ್ಲ, ಜಾಗದಲ್ಲಿ. ಯಾವ ಮೂಲ ಸರಿ ಎಂದು ಪಂಡಿತರು ಜಗಳಾಡಲಿ, ಅವರಿಗೂ ಹೊತ್ತು ಹೋಗಬೇಕು. ನಾನು ಹೇಳಹೊರಟಿರುವುದು ಒಂದೇ ಒಂದು ಅಂಕಣದ ಕತೆ, ನಮ್ಮ ಮನೆಯ ನಡುವಿನದು.

ಎಡತುದಿಯ ಅಂಕಣ ಅಡುಗೆಯದು. ಹೊಗೆ ಹಿಡಿದು ಅದರ ಜಂತೆಗಳೆಲ್ಲ ಕರ್ರಗೆ ಮಿಂಚುತ್ತಿದ್ದವು. ಅದರ ಪಕ್ಕದ್ದರಲ್ಲಿ ಜೋಳ ತುಂಬುವ ಮಣ್ಣಿನ ವಾಡೆಗಳು, ಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲ. ಆ ಕತ್ತಲಲ್ಲಿ ಕೈಯಾಡಿಸಿದರೆ ಏನಾದರೂ ತಿನ್ನುವುದು ಸಿಕ್ಕೇ ಸಿಗುತ್ತಿತ್ತು. ಬಲತುದಿಯದು ದನದ್ದು, ನಮ್ಮ ಎತ್ತು, ಎಮ್ಮೆ ಎಲ್ಲ ಮನೆಯೊಳಗೇ. ಅದಕ್ಕೆ ಹತ್ತಿದ್ದು ಪಡಸಾಲೆ, ಗಂಡಸರು ಕೂರುವುದು, ಮಲಗುವುದು, ಸುಮ್ಮಸುಮ್ಮನೆ ಕೆಮ್ಮುವುದು ಅಲ್ಲಿ. ಎಡಗಡೆಯ ಎರಡಕ್ಕೂ ಬಲಗಡೆಯ ಎರಡಕ್ಕೂ ಮಧ್ಯೆ ಬೀದಿ ಬಾಗಿಲು ಇದ್ದ ನಡುವಿನ ಅಂಕಣ. ಅದರ ಮಾಳಿಗೆಯಲ್ಲಿ ಮನೆಗೆಲ್ಲ ಒಂದೇ ಒಂದು ಬೆಳಕಿಂಡಿ ಇತ್ತು. ಅದರ ಕೆಳಗೆ ಬೀಸುವ ಕಲ್ಲು, ಒರಳು, ಗೋಡೆಗೆ ಒರಗಿಸಿದ ಅಜ್ಜಿಯ ಹಾಸಿಗೆ. ಬೆಳಕಿಂಡಿಯಿಂದ ಬಿದ್ದ ಬಿಸಿಲು ಬೆಳಿಗ್ಗೆ ಒರಳಿನ ಹತ್ತಿರ ಶುರುವಾಗಿ ಸಂಜೆಯ ಹೊತ್ತಿಗೆ ಬಾಗಿಲ ಕಡೆ ಹೋಗುತ್ತಿತ್ತು. ನಾನು ಪುಸ್ತಕ ಹಿಡಿದು ಅದರ ಹಿಂದೆಯೇ ಜರುಗುತ್ತಿದ್ದೆ. ಬೇರೆ ಅಂಕಣಗಳಲ್ಲಿ ಹಗಲು ಹೊತ್ತೂ ಅಕ್ಷರ ಕಾಣುತ್ತಿರಲಿಲ್ಲ.

“ಬಿಸಿಲಿನ ಬೆನ್ನು ಹತ್ಯಾಳ ನೋಡು, ಹಲ್ಲಿ ಜಾತಿ” ಎಂದು ಅಜ್ಜಿ ಚುಡಾಯಿಸುವಳು. ಆದರೆ ಅವಳು ಜೋಳ ಹಸನು ಮಾಡಲು ಕೂತರೆ ನನ್ನ ಬಿಸಿಲಿಗೆ ಅಡ್ಡ ಬರದಂತೆ ಮೊರ ಹಿಡಿಯುತ್ತಿದ್ದಳು.

ಮನೆ ಎರಡಾಗಲು ಕಾರಣ ಮೆಕ್ಕೆಜೋಳ. ಇವತ್ತು ಹರಪನಹಳ್ಳಿ ತುಂಬ ಅದೇ ವ್ಯಾಪಾರ, ಯಾರಿಗೆ ಹೇಳಿದರೂ ನಗುತ್ತಾರೆ. ಆಗ ನಮ್ಮೂರಲ್ಲಿ ಅದು ಹೊಸದು. ಅಪ್ಪನ ತಮ್ಮ, ನಮ್ಮ ಚಿಗಪ್ಪ, ಎಲ್ಲೋ ನೋಡಿಕೊಂಡು ಬಂದು, ಈ ಸಲ ಹೊಲದ ಅರ್ಧಕ್ಕೆ ಮೆಕ್ಕೆಜೋಳ ಬಿತ್ತೋಣ ಎಂದ. ಅಪ್ಪ ಊಟದ ತಟ್ಟೆ ಸರಿಸಿ ಎದ್ದುಬಿಟ್ಟ.

“ದನಾ ತಿನ್ನೋದನ್ನ ಬಿತ್ತಿ, ನಾವೇನು ಮೇವು ತಿನ್ಬೇಕೇನ್ಲೇ?”

“ರೊಕ್ಕ ಬರತೈತಣ್ಣಾ. ಬಿಳಿಜೋಳ ಬೆಳದು ಬೆಳದು ನಿನ್ನ ತಲಿ ಬೆಳ್ಳಗಾತು, ಮತ್ತೇನಾತು?”

ಇಷ್ಟೇ ಆಗಿದ್ದರೆ ಮರುದಿನ ತಣ್ಣಗಾಗುತ್ತಿತ್ತು. ಅವ್ವ ತನ್ನ ಗಂಡನ ಪರ, ಚಿಗವ್ವ ತನ್ನ ಗಂಡನ ಪರ ನಿಂತರು. ಮೆಕ್ಕೆಜೋಳ ಹೋಗಿ ರೊಟ್ಟಿ ಬಂತು, ರೊಟ್ಟಿ ಹೋಗಿ ಮಜ್ಜಿಗೆ ಬಂತು, ಯಾರು ಯಾರ ಗಂಡನಿಗೆ ಬೆಣ್ಣೆ ಮುಚ್ಚಿಟ್ಟು ಕೊಟ್ಟರು ಎನ್ನುವ ಮಾತು ಬಂತು. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರು. ನನಗೆ ಇದು ತಡೆಯಲಾಗದ ಸಂಕಟ. ಚಿಗವ್ವನಿಗೆ ಮಕ್ಕಳಿರಲಿಲ್ಲ, ನನ್ನ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುತ್ತಿದ್ದವಳು ಅವಳೇ. ಅವ್ವನ ಕಣ್ಣು ತಪ್ಪಿಸಿ ತಲೆ ಬಾಚಿಸಿಕೊಂಡು ಬಂದರೆ ಅವ್ವ ಜಡೆ ನೋಡಿಯೇ ಹಿಡಿಯುತ್ತಿದ್ದಳು, ಏಕೆಂದರೆ ಅಷ್ಟು ಬಿಗಿಯಾಗಿ ಹೆಣೆಯಲು ಅವಳಿಗೆ ಬರುತ್ತಿರಲಿಲ್ಲ.

ಪಾಲು ಮಾಡಲು ಊರ ಹಿರಿಯ ನಿಂಗಪ್ಪಜ್ಜನನ್ನು ಕರೆದರು. ಗೋಡೆ ಎಬ್ಬಿಸಲು ಕೊಟ್ಟೂರಿನಿಂದ ಗೌಂಡಿ ಮಸ್ತಾನ್‌ಸಾಬ್ ಬಂದ. ನಮ್ಮಲ್ಲಿ ರೂಢಿ ಎಂದರೆ ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಅಪ್ಪ ತನಗೆ ಬಹಳ ಬುದ್ಧಿ ಇದೆ ಎಂದು ತಿಳಿದವನು. ಎಡಗಡೆಯ ಎರಡು ಒಂದು ಪಾಲು, ಬಲಗಡೆಯ ಎರಡು ಒಂದು ಪಾಲು ಎಂದ. ತಮ್ಮನಿಗೆ ಎತ್ತೆಂದರೆ ಪ್ರಾಣ, ದನದ ಕಡೆಯದನ್ನೇ ಆರಿಸಿಕೊಳ್ಳುತ್ತಾನೆ, ಅಡುಗೆಮನೆ ನಮಗೆ ಬರುತ್ತದೆ ಎಂದು ಅವನ ಎಣಿಕೆ. ಚಿಗಪ್ಪ ಬಾಯಿ ತೆರೆಯುವ ಮೊದಲು ಚಿಗವ್ವ ಬಾಗಿಲ ಹಿಂದಿನಿಂದ ಬಳೆ ಸಪ್ಪಳ ಮಾಡಿದಳು. ಅವನು ಅಡುಗೆಯ ಕಡೆ ಕೈ ತೋರಿಸಿದ. ಅಪ್ಪನ ಮುಖ ನೋಡಬೇಕಿತ್ತು! ಮುಂದೆ ಬಹಳ ದಿನ ಅವ್ವ ಪಡಸಾಲೆಯ ಮೂಲೆಯಲ್ಲಿ ಒಲೆ ಹೂಡಿ, ಎತ್ತುಗಳ ಬಾಲದ ಗಾಳಿಯಲ್ಲಿ ರೊಟ್ಟಿ ಬಡಿದಳು. ಪ್ರತಿ ರೊಟ್ಟಿಗೂ ಅಪ್ಪನ ಬುದ್ಧಿಯನ್ನು ಹೊಗಳಿದಳು.

ಉಳಿದದ್ದು ನಡುವಿನ ಅಂಕಣ. ಅರ್ಧ ಅರ್ಧ ಮಾಡಿ ಎಂದು ಚಿಗಪ್ಪ ಹೇಳಿದ. ಮಸ್ತಾನ್‌ಸಾಬ್ ಒಪ್ಪಲಿಲ್ಲ.

“ಗ್ವಾಡಿ ತೊಲಿ ಕೆಳಗ ಬರಬೇಕ್ರಿ. ಅಂಕಣದ ನಡೂಕ ಗ್ವಾಡಿ ಎಬ್ಬಿಸಿದ್ರ ಅದರ ತಲಿ ಹಿಡಿಯಾಕ ಮ್ಯಾಲೆ ತೊಲಿ ಇರಂಗಿಲ್ಲ. ನಾನಂತೂ ಎಬ್ಬಸಂಗಿಲ್ಲ, ಯಾವ ಗೌಂಡೀನೂ ಎಬ್ಬಸಂಗಿಲ್ಲ.”

ಅಜ್ಜಿ ತನ್ನ ಹಾಸಿಗೆಯ ಮೇಲೆ ಗಟ್ಟಿಯಾಗಿ ಕೂತಿದ್ದಳು. “ಇದು ನಂದು. ನಾ ಇರಾತನಕ ಯಾರೂ ಬರಬ್ಯಾಡ್ರಿ” ಎಂದಳು. ನಿಂಗಪ್ಪಜ್ಜ ಮೀಸೆ ಸವರಿಕೊಂಡು ತೀರ್ಪು ಹೇಳಿದ.

“ಮುದುಕಿ ಇರಾತನಕ ಮುದುಕೀದು. ಆಮ್ಯಾಲೆ, ಊರಾಗ ಇರೋದ ಐತಲ್ಲ, ಮ್ಯಾಲೆ ಮಣ್ಣು ಹಾಕಿ ಯಾರು ಉಳಿಸಿಕೊಂಡು ಬಂದಾರೋ ಕೆಳಗಿನ ಜಾಗ ಅವರದು.”

ನಮ್ಮ ಮಾಳಿಗೆಗಳ ರೂಢಿ ಅದು. ವರ್ಷವರ್ಷ ಮಳೆಗೆ ಮುಂಚೆ ಹಳ್ಳದ ದಂಡೆಯಿಂದ ಕರ್ಲುಮಣ್ಣು ತಂದು, ಮಾಳಿಗೆಗೆ ಹರಡಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿಯಬೇಕು. ಆ ಮಣ್ಣಿಗೆ ನೀರು ಇಳಿಯುವುದಿಲ್ಲ. ಮನೆ ಬಿಟ್ಟು ಹೋದವರ ಮಾಳಿಗೆಗೆ ಯಾರು ಮಣ್ಣು ಹಾಕುತ್ತಾ ಬಂದರೋ ಮನೆ ಅವರದಾಗುತ್ತಿತ್ತು, ಅದಕ್ಕೆ ಸಾಕ್ಷಿ ಬೇಕಾಗುತ್ತಿರಲಿಲ್ಲ. ತೀರ್ಪಿಗೆ ಎಲ್ಲರೂ ತಲೆಯಾಡಿಸಿದರು. ನಿಂಗಪ್ಪಜ್ಜ ತೊಟ್ಟಿಲಲ್ಲಿದ್ದ ನನ್ನ ತಮ್ಮನ ಕಡೆ ನೋಡಿ, “ನೋಡಪ್ಪಾ, ಹುಟ್ಟಿದಾಕ್ಷಣ ಎರಡಂಕಣ ಬಂದ್ವು ನಿನಗ” ಎಂದ. ನಾನು ಕಂಬ ಹಿಡಿದು ನಿಂತಿದ್ದವಳು ಸುಮ್ಮನಿರಲಾರದೆ ಕೇಳಿದೆ.

“ನನಗೆಷ್ಟು ಬರ್ತಾವಜ್ಜ?”

ಪಡಸಾಲೆಯೆಲ್ಲ ನಕ್ಕಿತು. ಅಪ್ಪನೂ ನಕ್ಕ, ಚಿಗಪ್ಪನೂ ನಕ್ಕ. ಅಷ್ಟು ದಿನದ ಮೇಲೆ ಅಣ್ಣತಮ್ಮ ಕೂಡಿ ನಕ್ಕದ್ದು ಅದೊಂದಕ್ಕೇ.

“ನಿನ್ನ ಅಂಕಣ ಗಂಡನ ಮನ್ಯಾಗ ಅದಾವವ್ವಾ. ನೀ ಇಲ್ಲಿ ನಾಕು ದಿನದ ಬೀಗತಿ” ಎಂದ ನಿಂಗಪ್ಪಜ್ಜ.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಹಾಲು ಕುಡಿಯುವ ಕೂಸಿಗೆ ಎರಡು ಅಂಕಣ, ಕಸ ಗುಡಿಸುವ, ನೀರು ತರುವ, ಕೂಸನ್ನು ತೂಗುವ ನನಗೆ ಒಂದು ಮೂಲೆಯೂ ಇಲ್ಲ. ಹೋಗಲಿ ಎಂದು ಬಿಡುವ ಸ್ವಭಾವ ನನಗೆ ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ. ಪಾಟಿಚೀಲ, ಇನ್ನೊಂದು ಲಂಗ, ಒಡೆದ ಕನ್ನಡಿ ಎತ್ತಿಕೊಂಡು ಅಜ್ಜಿಯ ಅಂಕಣಕ್ಕೆ ಹೋಗಿ ಗೂಟಕ್ಕೆ ನೇತು ಹಾಕಿದೆ. ಅಜ್ಜಿ ಹಾಸಿಗೆಯಲ್ಲಿ ಗೋಡೆ ಕಡೆಗೆ ಸರಿದಳು.

ಗೋಡೆ ಎದ್ದವು, ಆಚೆ ಈಚೆ ಬೀದಿಗೆ ಹೊಸ ಬಾಗಿಲು ಬಂದವು. ಬೀಸುವ ಕಲ್ಲು ಒಂದೇ ಆದ್ದರಿಂದ ಅವ್ವ ಬೆಳಿಗ್ಗೆ ಬಂದು ಬೀಸಿಕೊಂಡು ಹೋಗುವಳು, ಚಿಗವ್ವ ಮಧ್ಯಾಹ್ನ ಬರುವಳು. ಅಜ್ಜಿ ಇಬ್ಬರಿಗೂ ಇನ್ನೊಬ್ಬಳ ಸುದ್ದಿ ಹೇಳುವಳು. ಇಬ್ಬರೂ ‘ಯಾರಿಗೆ ಬೇಕು ಆಕಿ ಸುದ್ದಿ’ ಎನ್ನುತ್ತಾ ಬೀಸುವುದನ್ನು ನಿಲ್ಲಿಸಿ ಕೇಳುವರು. ಬೇಸಿಗೆ ಬಂತು, ಮಣ್ಣು ಹಾಕುವ ಕಾಲ ಬಂತು. ಅಪ್ಪ ಬಂಡಿಯಲ್ಲಿ ಮಣ್ಣು ತಂದು ತನ್ನ ಎರಡು ಅಂಕಣಕ್ಕೆ ಹಾಕಿ ನಡುವಿನದಕ್ಕೆ ಬುಟ್ಟಿ ಎತ್ತಿದ. ಚಿಗಪ್ಪ ಆ ಕಡೆಯಿಂದ ಕೂಗಿದ.

“ಏಯ್, ತೊಲಿ ದಾಟಬ್ಯಾಡ. ಇವತ್ತು ಮಣ್ಣು ಹಾಕ್ತಿ, ನಾಳಿ ನಂದು ಅಂತಿ.”

“ಹಂಗಾದ್ರ ನೀನೂ ದಾಟಬ್ಯಾಡ” ಎಂದು ಅಪ್ಪ ಬುಟ್ಟಿ ಇಳಿಸಿದ.

ಚಿಗಪ್ಪನೂ ತನ್ನದನ್ನು ಹಾಕಿ ತೊಲೆಯ ಮೇಲೆ ಗೆರೆ ಎಳೆದಂತೆ ನಿಲ್ಲಿಸಿದ. ಉಳಿದ ಮಣ್ಣು ಬೀದಿಯಲ್ಲಿ ಗುಡ್ಡೆಯಾಗಿ ಬಿತ್ತು. ಎರಡೂ ಕಡೆ ಹೊಸ ಮಣ್ಣು ಎತ್ತರ, ನಡುವೆ ಹಳೆಯ ಮಾಳಿಗೆ ತಗ್ಗು. ಮೊದಲ ಮಳೆಗೆ ಎರಡೂ ಕಡೆಯ ನೀರು ಬಂದು ನಮ್ಮ ಮೇಲೆಯೇ ನಿಂತಿತು. ಒಂದು ಕಡೆ ತೊಟ್ಟಿಕ್ಕಲು ಶುರುವಾದದ್ದು ಮೂರು ನಾಲ್ಕು ಕಡೆ ಆಯಿತು. ಅವ್ವ ಒಂದು ಬೋಗಾಣಿ ತಂದು ಇಟ್ಟಳು. ಅದನ್ನು ನೋಡಿ ಚಿಗವ್ವ ಅದಕ್ಕಿಂತ ದೊಡ್ಡ ತಪ್ಪೇಲಿ ತಂದು ಪಕ್ಕದಲ್ಲೇ ಇಟ್ಟಳು. ನನ್ನ ಪುಸ್ತಕ ನೆನೆದು ಉಬ್ಬಿತು. ಒಂದು ಜಂತೆ ಬಣ್ಣ ಬದಲಾಯಿಸಿ ಕೆಳಗೆ ಬಾಗಿತು. ದಾರಿಯಲ್ಲಿ ಹೋಗುತ್ತಿದ್ದ ಮಸ್ತಾನ್‌ಸಾಬ್ ಒಳಗೆ ಇಣುಕಿ, ಅದನ್ನು ನೋಡಿ ಅಪ್ಪನಿಗೂ ಚಿಗಪ್ಪನಿಗೂ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದ: “ಇನ್ನೊಂದು ದೊಡ್ಡ ಮಳಿ ಬಂದ್ರ ಇದು ಕೆಳಗ ಬರತೈತಿ. ಮುದುಕೀನ ಹೊರಗ ಕರ್ಕೊಳ್ರಿ.”

ಇಬ್ಬರೂ ಕರೆದರು. ಅಜ್ಜಿ ಹೋಗಲಿಲ್ಲ.

“ಆಕಡಿ ಹೋದ್ರ ಈಕಡಿಯವನಿಗೆ ಹೊಟ್ಟಿ ಉರಿ, ಈಕಡಿ ಹೋದ್ರ ಆಕಡಿಯವನಿಗೆ. ನಾ ಎಲ್ಲಿಗೂ ಬರಂಗಿಲ್ಲ. ನಿಮ್ಮ ಹಟ ನಿಮಗ, ನನ್ನ ಹಟ ನನಗ” ಎಂದಳು. ನಾನೂ ಹೋಗಲಿಲ್ಲ. ನನಗೆ ಹೆದರಿಕೆ ಇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಬಾಗಿದ ಜಂತೆಯನ್ನು ನೋಡುತ್ತಾ ಮಲಗುತ್ತಿದ್ದೆ, ಎದ್ದ ಕೂಡಲೇ ಅದನ್ನೇ ನೋಡುತ್ತಿದ್ದೆ. ಆದರೆ ಆ ಜಾಗ ಬಿದ್ದರೆ ಭೂಮಿಯ ಮೇಲೆ ನನಗೆ ಬೇರೆ ಜಾಗ ಇರಲಿಲ್ಲ, ಅದು ಗೊತ್ತಾಗುವಷ್ಟು ದೊಡ್ಡವಳಾಗಿದ್ದೆ.

ಕೊಟ್ಟೂರು ಸಂತೆಯ ದಿನ ಅಪ್ಪ, ಚಿಗಪ್ಪ ಇಬ್ಬರೂ ಬೇರೆ ಬೇರೆ ಬಂಡಿಯಲ್ಲಿ ಹೋದರು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಬೀದಿಯ ಮಣ್ಣಿನ ಗುಡ್ಡೆ ಮೇಲೆ ತೊಯ್ದು, ಒಳಗೆ ಒಣಗಿಯೇ ಇತ್ತು. ನಾನು ಲಂಗ ಎತ್ತಿ ಸಿಕ್ಕಿಸಿಕೊಂಡು, ಸಗಣಿ ಬುಟ್ಟಿಗೆ ಮಣ್ಣು ತುಂಬಿ, ಏಣಿ ಹತ್ತಿದೆ. ಮೊದಲ ಬುಟ್ಟಿ ಅರ್ಧ ನನ್ನ ತಲೆಯ ಮೇಲೇ ಬಿತ್ತು. ಮೇಲೆ ಹೋಗಿ ಸುರಿದು ನಿಂತೆ, ಮುಂದೇನು ಮಾಡಬೇಕೋ ತಿಳಿಯಲಿಲ್ಲ. ಕಾಲ ಕೆಳಗಿನ ಬೆಳಕಿಂಡಿಯಿಂದ ಅಜ್ಜಿಯ ದನಿ ಬಂತು.

“ಯಾರಲೇ ಮ್ಯಾಲೆ? ಮಂಗ್ಯಾ ಏನು?”

“ನಾನಜ್ಜಿ, ಗಿರಿಜಾ. ಮಣ್ಣು ಹಾಕಾಕತ್ತೀನಿ.”

ಬೈಯುತ್ತಾಳೆ ಎಂದುಕೊಂಡೆ.

“ತಗ್ಗು ಇದ್ದಲ್ಲಿ ಮೊದಲು ಹಾಕು. ಬೆಳಕಿಂಡಿ ಸುತ್ತ ಏರಿ ಕಟ್ಟು, ಇಲ್ಲಂದ್ರ ನೀರೆಲ್ಲ ನನ್ನ ನೆತ್ತಿ ಮ್ಯಾಲೆ ಬರತೈತಿ. ಬಾಗಿದ ಜಂತಿ ಮ್ಯಾಲೆ ಕಾಲಿಡಬ್ಯಾಡ, ಮೂಳಿ!”

ಅಜ್ಜಿ ಕೆಳಗಿನಿಂದ ಕೋಲಿನಲ್ಲಿ ಜಂತೆ ಕುಟ್ಟಿ ಕುಟ್ಟಿ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಹೇಳುತ್ತಾ ಹೋದಳು. ನಾನು ಆ ಸದ್ದಿನ ಮೇಲೆ ಹೆಜ್ಜೆ ಇಟ್ಟೆ. ಹೀಗೆ ಬುಟ್ಟಿ ಹೊತ್ತು ಇಳಿದು ಹತ್ತುವಾಗ ಅವ್ವ ನೋಡಿಬಿಟ್ಟಳು.

“ಅಯ್ಯೋ ನನ್ನ ಕರ್ಮ! ಇಳೀಲೇ ಕೆಳಗ! ನಿಮ್ಮಪ್ಪನ ಹಾಕಿಸ್ಯಾನ ಅಂತಾರ, ಊರು ಕೂಡಿಸ್ತಾರ!”

ಸದ್ದು ಕೇಳಿ ಚಿಗವ್ವ ಹೊರಗೆ ಬಂದಳು. ಈಗ ಜಗಳ ಹತ್ತಿಕೊಳ್ಳುತ್ತದೆ ಎಂದು ನಾನು ಏಣಿಯ ನಡುವೆಯೇ ನಿಂತೆ. ಚಿಗವ್ವ ನನ್ನನ್ನು ನೋಡಿದಳು, ಅರ್ಧ ಬಿಚ್ಚಿಹೋಗಿದ್ದ ನನ್ನ ಜಡೆ ನೋಡಿದಳು, ಮಣ್ಣು ತುಂಬಿದ ಕಣ್ಣು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಲಿಕೆ ಎತ್ತಿಕೊಂಡಳು.

“ಅಕ್ಕಾ, ನೀ ಏಣಿ ಹಿಡಕೋ. ಕೂಸು ಬೀಳತೈತಿ. ನಾ ತುಂಬತೀನಿ.”

ಬೇಸಿಗೆಗೂ ಮುಂಚಿನಿಂದ ನಿಂತುಹೋಗಿದ್ದ ಮಾತು ಅದು. ಅವ್ವ ಏಣಿ ಹಿಡಿದಳು. ಆಮೇಲೆ ಏಣಿ ಬಿಟ್ಟು ತಾನೂ ಬುಟ್ಟಿ ಕೊಡಲು ನಿಂತಳು. ಒಬ್ಬಳು ತುಂಬುವಳು, ಒಬ್ಬಳು ಏಣಿಯ ನಡುವೆ ನಿಂತು ನನ್ನ ಕೈಗೆ ಕೊಡುವಳು. ಮಾಳಿಗೆಯ ಮೇಲೆ ಮಾತ್ರ ಇಬ್ಬರೂ ಕಾಲಿಡಲಿಲ್ಲ. ಇಟ್ಟರೆ ಅದು ಯಾರದೋ ಒಬ್ಬರ ಮಣ್ಣಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. “ನಾವು ಹಾಕಂಗಿಲ್ಲವ್ವಾ, ನೀನ ಹರಡು, ನೀನ ಬಡಿ” ಎಂದು ಚಿಗವ್ವ ಹಲಗೆ ಎಸೆದಳು. ಹರಡಿದೆ, ನೀರು ಚಿಮುಕಿಸಿದೆ, ಬಡಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಕೆಳಗೆ ಅವರಿಬ್ಬರೂ ಬೆಣ್ಣೆಯ ವಿಷಯಕ್ಕೆ ಮತ್ತೆ ಜಗಳಾಡುತ್ತಿದ್ದರು. ಆದರೆ ಈಗ ಮುಖ ನೋಡಿಕೊಂಡು, ನಡುನಡುವೆ ನಗುತ್ತಾ.

ಸಂತೆಯಿಂದ ಬಂದ ಗಂಡಸರು ಬಂಡಿಯಿಂದ ಇಳಿಯುವ ಮುಂಚೆಯೇ ಕಂಡರು, ಮಾಳಿಗೆ ಒಂದೇ ಸಮ ಆಗಿತ್ತು. ಅಪ್ಪ ಚಿಗಪ್ಪನ ಮೇಲೆ ಹೋದ, ಚಿಗಪ್ಪ ಅಪ್ಪನ ಮೇಲೆ ಹೋದ. ನೀ ಹಾಕ್ಸಿ, ನೀ ಹಾಕ್ಸಿ ಎಂದು ಬೀದಿ ತುಂಬ ಗದ್ದಲ. ನಿಂಗಪ್ಪಜ್ಜನನ್ನು ಕರೆದುಕೊಂಡು ಬಂದರು. ಅಜ್ಜಿ ಬಾಗಿಲಿಗೆ ಬಂದು ನಿಂತಳು.

“ನೀನ ಹೇಳಿದ್ದಿಲ್ಲೇನು ನಿಂಗಪ್ಪಾ, ಮ್ಯಾಲೆ ಮಣ್ಣು ಹಾಕಿದವರದು ಕೆಳಗಿನ ಜಾಗ ಅಂತ?”

“ಹೇಳೀನಿ. ಯಾರು ಹಾಕಿದ್ದು?”

“ಗಿರಿಜಾ ಹಾಕ್ಯಾಳ. ಊರೆಲ್ಲ ನೋಡೈತಿ. ಕೈ ತೋರ್ಸಲೇ.”

ನಾನು ಎರಡೂ ಅಂಗೈ ಮುಂದೆ ಚಾಚಿದೆ. ನಿಂಗಪ್ಪಜ್ಜ ಬೊಬ್ಬೆ ನೋಡಿದ, ಮಾಳಿಗೆ ನೋಡಿದ, ಮೀಸೆ ಸವರಿದ.

“ಹೆಣ್ಣುಮಗಳು ಹಾಕಿದ್ರ ಅದು ಲೆಕ್ಕಕ್ಕ ಬರಂಗಿಲ್ಲವ್ವಾ…”

“ಯಾಕ ಬರಂಗಿಲ್ಲ? ಸೋರಾದು ನಿಂತೈತಿಲ್ಲೋ? ಒಂದು ಹನಿ ಕೆಳಗ ಬಂದ್ರ ನಿನ್ನ ಮಾತು ಖರೆ. ಹಾಕು ಒಂದು ಕೊಡ ನೀರು.”

ಚಿಗಪ್ಪನೇ ಏಣಿ ಹತ್ತಿ ಕೊಡ ಸುರಿದ. ಎಲ್ಲರೂ ಒಳಗೆ ಬಂದು ಕುತ್ತಿಗೆ ಎತ್ತಿ ನಿಂತರು. ಬೆಳಕಿಂಡಿಯ ಏರಿ ನೀರನ್ನು ತಡೆಯಿತು. ಒಂದು ಹನಿಯೂ ಬೀಳಲಿಲ್ಲ. ನಿಂಗಪ್ಪಜ್ಜ ಸೋತವನಂತೆ ಅಪ್ಪನ ಮುಖ ನೋಡಿದ. ಅಪ್ಪ ಯೋಚಿಸಿದ. ಅವನ ಬುದ್ಧಿ ಕೆಲಸ ಮಾಡುವುದು ಮುಖದಲ್ಲಿ ಕಾಣುತ್ತಿತ್ತು.

“ಆತ್ ಬಿಡ್ರಿ, ಆಕೀದ ಆಗ್ಲಿ. ಅವನಿಗಂತೂ ಹೋಗ್ಲಿಲ್ಲಲ್ಲ” ಎಂದ.

“ನಂದೂ ಅದ ಮಾತು. ಅಣ್ಣಗ ಹೋಗ್ಲಿಲ್ಲಲ್ಲ, ಸಾಕು” ಎಂದು ಮೇಲಿನಿಂದ ಚಿಗಪ್ಪ ಹೇಳಿದ.

ಹೀಗೆ, ಒಬ್ಬರಿಗೊಬ್ಬರು ಸೋಲಬಾರದೆಂಬ ಹಟಕ್ಕೆ ಅವರಿಬ್ಬರೂ ನನಗೆ ಒಂದು ಅಂಕಣ ಬಿಟ್ಟುಕೊಟ್ಟರು. ಪ್ರೀತಿಯಿಂದ ಕೊಟ್ಟರೆಂದು ಬರೆಯಲು ನನಗೂ ಆಸೆ, ಆದರೆ ಇದ್ದದ್ದು ಇದ್ದ ಹಾಗೆ. ನಿಂಗಪ್ಪಜ್ಜ ಮಾತ್ರ ಹೋಗುವ ಮುಂಚೆ ಬೆರಳೆತ್ತಿ ಹೇಳಿದ: “ವರ್ಷಾ ಹಾಕಬೇಕು ಮತ್ತ. ಒಂದು ವರ್ಷ ತಪ್ಪಿದ್ರ ಹೋತು.”

ತಪ್ಪಿಸಿಲ್ಲ. ಬಾಗಿದ್ದ ಜಂತೆಗೆ ಮಸ್ತಾನ್‌ಸಾಬ್ ಬಂದು ಆಸರೆಯ ಕಂಬ ಕೊಟ್ಟ. ಅದು ನನ್ನದಾದ ಮೇಲೆ ಅವ್ವನಿಗೂ ಚಿಗವ್ವನಿಗೂ ಬಹಳ ಅನುಕೂಲವಾಯಿತು. ಯಾರೂ ಯಾರ ಹೊಸ್ತಿಲನ್ನೂ ತುಳಿಯಬೇಕಾಗಿರಲಿಲ್ಲ, ‘ಗಿರಿಜಾನ ಮನಿಗೆ ಹೋಗಿ ಬರ್ತೀನಿ’ ಎಂದು ಹೇಳಿ ಇಬ್ಬರೂ ಬರುವರು, ಬೀಸುವ ಕಲ್ಲಿಗೆ ಎದುರುಬದುರು ಕೂರುವರು. ಚಿಗವ್ವ ಅಲ್ಲಿಯೇ ನನ್ನ ಜಡೆ ಹೆಣೆಯುವಳು. ನನ್ನನ್ನು ಹಡಗಲಿ ಹತ್ತಿರದ ಮಾಗಳಕ್ಕೆ ಕೊಟ್ಟ ಮೇಲೆಯೂ ಮಳೆಗೆ ಮುಂಚೆ ಊರಿಗೆ ಹೋಗುತ್ತಿದ್ದೆ. ‘ಹಬ್ಬಕ್ಕ ತವರಿಗೆ ಹೋಗೋರನ್ನ ನೋಡೀನಿ, ಮಣ್ಣು ಹೊರಾಕ ಹೋಗಾಕಿನ್ನ ನೋಡಿದ್ದಿಲ್ಲ’ ಎಂದು ನನ್ನ ಅತ್ತೆ ಊರೆಲ್ಲ ಹೇಳಿಕೊಂಡು ಬಂದಳು. ಆಮೇಲಾಮೇಲೆ ಅವಳೇ ಬುತ್ತಿ ಕಟ್ಟಿ ಕೊಡುತ್ತಿದ್ದಳು. ಈಗ ಆಚೆಗೂ ಈಚೆಗೂ ಸಿಮೆಂಟಿನ ಚಾವಣಿ ಬಂದಿದೆ. ತೊಟ್ಟಿಲಲ್ಲಿದ್ದ ತಮ್ಮನ ತಲೆ ನೆರೆತಿದೆ. ‘ಅಕ್ಕಾ, ನಿಂದಕ್ಕೂ ಸ್ಲ್ಯಾಬ್ ಹಾಕ್ಸಿಬಿಡಾನು’ ಎಂದು ವರ್ಷಾ ಕೇಳುತ್ತಾನೆ, ಬೇಡ ಎಂದರೆ ನಕ್ಕು, ಬಾಗಿಲ ಮುಂದೆ ಟ್ರ್ಯಾಕ್ಟರಿನಲ್ಲಿ ಮಣ್ಣು ಹಾಕಿಸುತ್ತಾನೆ. ನನ್ನ ಮಂಡಿ ಏಣಿಗೆ ಒಪ್ಪುವುದಿಲ್ಲ, ಆದರೂ ನಿಧಾನ ಹತ್ತುತ್ತೇನೆ.

ಆ ದಿನದ್ದೇ ಒಂದು ಉಳಿಯಿತು. ಎಲ್ಲರೂ ಹೋದ ಮೇಲೆ ಹಿತ್ತಿಲಲ್ಲಿ ಮೈ ತೊಳೆದುಕೊಂಡು ಒಳಗೆ ಬಂದೆ. ಅಜ್ಜಿ ಇರಲಿಲ್ಲ, ಗೋಡೆಯ ಪಕ್ಕ ಅವಳ ಹಾಸಿಗೆಯೂ ಇರಲಿಲ್ಲ. ಗಾಬರಿಯಾಗಿ ಬಾಗಿಲಿಗೆ ಓಡಿದೆ. ಅಜ್ಜಿ ಹೊರಗೆ ಬೀದಿಯಲ್ಲಿ ನಿಂತಿದ್ದಳು, ಹಾಸಿಗೆ ಸುತ್ತಿ ಕಂಕುಳಲ್ಲಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಎಲೆಅಡಿಕೆಯ ಚೀಲ. ಅವ್ವ ತನ್ನ ಬಾಗಿಲಲ್ಲಿ, ಚಿಗವ್ವ ತನ್ನ ಬಾಗಿಲಲ್ಲಿ ನೋಡುತ್ತಾ ನಿಂತಿದ್ದರು.

“ನಿಮ್ಮ ಅಂಕಣದಾಗ ಈ ಮುದುಕಿಗೊಂದೀಟು ಜಾಗ ಐತೇನ್ರಿ?” ಎಂದಳು ಅಜ್ಜಿ.

ಅಲ್ಲಿಯವರೆಗೆ ನನ್ನನ್ನು ಯಾರೂ ‘ರಿ’ ಹಚ್ಚಿ ಮಾತಾಡಿಸಿರಲಿಲ್ಲ. ಅವ್ವನೂ ಚಿಗವ್ವನೂ ಬಿದ್ದು ಬಿದ್ದು ನಕ್ಕರು. ಅಜ್ಜಿ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಉತ್ತರಕ್ಕೆ ಕಾದಳು. ನನಗೆ ಅಳು ಬಂತು, ತಡೆದುಕೊಂಡೆ.

“ಐತಿ, ಬಾ” ಎಂದೆ.

ಆಮೇಲೆಯೇ ಅವಳು ಹೊಸ್ತಿಲು ದಾಟಿದಳು.